ಅಂಚೆಗೆ ಒಪ್ಪಿಸಲಾಗದ ಓಲೆ

ಕನ್ನಡದಲ್ಲಿ ‘ಓಲೆ’ ಎಂಬ ಮಾತಿಗೆ ಅರ್ಥಗಳು ಹಲವು. ತಾಳೆಯ ಗರಿ ಓಲೆ. ಆ ಗರಿಯನ್ನು ಸುರುಳಿ ಸುತ್ತಿ ಹೆಂಗಳೆಯರು ಕಿವಿಗೆ ತೊಡುತ್ತಿದ್ದುದರಿಂದ ಕಿವಿಯ ಆಭರಣವೂ ಓಲೆ. ಗರಿಯ ಮೇಲೆ ಬರೆದು ಕಳುಹಿಸಿದ ಪತ್ರವೂ ಓಲೆ. ಅದನ್ನು ಒಯ್ಯುವವನು ಓಲೆಕಾರ. ಕಾಗದ ಬಂದು ಗರಿಯ ಬಳಕೆ ನಿಂತುಹೋದ ಮೇಲೆಯೂ ಶುಭಕಾರ್ಯಕ್ಕೆ ಆಹ್ವಾನಿಸುವ ಪತ್ರ ಇಂದಿಗೂ ಕರೆಯೋಲೆಯೇ ಆಗಿದೆ. ಊರಿಂದೂರಿಗೆ ಸಂಚರಿಸುವುದೇ ಓಲೆಯ ಧರ್ಮವೆಂದು ಭಾಷೆಯೇ ಸಾರುತ್ತಿರುವಾಗ, ಓಲೆಯನ್ನು ಅಂಚೆಗೆ ಹಾಕಬಾರದೆಂಬ ಮಾತು ವಿಪರೀತವಾಗಿ ತೋರಬಹುದು. ಆದರೆ ಪತ್ರದ ಓಲೆ ಬೇರೆ, ಗ್ರಂಥದ ಓಲೆ ಬೇರೆ. ಪತ್ರವು ಒಮ್ಮೆ ತಲುಪಿ ಓದಿಸಿಕೊಂಡರೆ ಅದರ ಕಾರ್ಯ ಮುಗಿಯಿತು. ಗ್ರಂಥವಾದರೋ ತಲೆಮಾರುಗಳ ಕಾಲ ಓದಿಸಿಕೊಳ್ಳಬೇಕಾದುದು. ಅನೇಕ ವೇಳೆ ಅದರ ಪಾಠಕ್ಕೆ ಆಧಾರವಾಗಿ ಉಳಿದಿರುವ ಪ್ರತಿ ಅದೊಂದೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಹಳೆಯ ಮನೆಗಳ ಅಟ್ಟಗಳಲ್ಲಿ, ದೇವರ ಮಾಡಗಳಲ್ಲಿ ಬಟ್ಟೆ ಸುತ್ತಿದ ಕಟ್ಟುಗಳು ದೊರೆಯುವುದುಂಟು. ಮನೆ ಪಾಲಾಗುವಾಗಲೋ ಹಳೆಯ ಗೋಡೆ ಕೆಡಹಿ ಹೊಸದನ್ನು ಎತ್ತುವಾಗಲೋ ಅವು ಹೊರಬೀಳುತ್ತವೆ. ಆಗ ಮನೆಯವರಿಗೆ ಮೊದಲು ಹೊಳೆಯುವ ಉಪಾಯವೆಂದರೆ, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ತಿಳಿದವರಿಗೆ ಅಂಚೆಯಲ್ಲೋ ಕೊರಿಯರ್ ಮೂಲಕವೋ ಕಳುಹಿಸಿಬಿಡುವುದು. ಉದ್ದೇಶ ಶ್ಲಾಘ್ಯವಾದುದೇ, ಉಪಾಯ ಮಾತ್ರ ಅಪಾಯಕರವಾದುದು. ಅದು ಏಕೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಅಂಚೆಯ ಶಕ್ತಿ ಮತ್ತು ಮಿತಿ

ಅಂಚೆಯ ಬಗೆಗೆ ನಾಡಿನ ಜನ ಇಟ್ಟಿರುವ ವಿಶ್ವಾಸ ನಿರಾಧಾರವಾದುದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಅಂದಿನಿಂದ ಮನಿಯಾರ್ಡರು, ಪರೀಕ್ಷೆಯ ಫಲಿತಾಂಶ, ನೌಕರಿಯ ಆದೇಶಗಳೆಲ್ಲ ಇದೇ ಮಾರ್ಗವಾಗಿ ಹಳ್ಳಿಹಳ್ಳಿಯ ಬಾಗಿಲಿಗೆ ಬಂದಿವೆ. ಅಮೂಲ್ಯ ವಸ್ತುಗಳೂ ಅಂಚೆಯಲ್ಲಿ ಸಂಚರಿಸಿದ ನಿದರ್ಶನಗಳಿವೆ. ಗೋಲ್ಕೊಂಡ ಸೀಮೆಯ ಕೊಲ್ಲೂರು ಗಣಿಯದೆಂದು ಹೇಳಲಾಗುವ ಜಗತ್ಪ್ರಸಿದ್ಧ ‘ಹೋಪ್’ ವಜ್ರವನ್ನು ಅದರ ಒಡೆಯನಾದ ಹ್ಯಾರಿ ವಿನ್‌ಸ್ಟನ್ 1958ರ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಂದು ಕಾಗದದಲ್ಲಿ ಸುತ್ತಿ ರಿಜಿಸ್ಟರ್ ಅಂಚೆಯಲ್ಲೇ ಕಳುಹಿಸಿದನು. ತಗುಲಿದ ವೆಚ್ಚ 145 ಡಾಲರ್ 29 ಸೆಂಟ್. ಅದರಲ್ಲಿ ಹೆಚ್ಚಿನ ಪಾಲು ವಿಮೆಯದು. ವಜ್ರವು ಕ್ಷೇಮವಾಗಿ ತಲುಪಿತು.

ವಜ್ರ ಹೋಗಬಹುದಾದರೆ ಗರಿಯೇಕೆ ಹೋಗಬಾರದು? ಉತ್ತರವು ಪ್ರಶ್ನೆಯೊಳಗೇ ಇದೆ. ವಜ್ರ ಕಠಿಣವಾದುದು, ಎತ್ತಿ ಹಾಕಿದರೆ, ಮೇಲೆ ಭಾರ ಹೇರಿದರೆ, ಮಳೆಯಲ್ಲಿ ನೆನೆದರೆ ಅದಕ್ಕೆ ಬಾಧೆಯಿಲ್ಲ. ಅದಕ್ಕೆ ಇದ್ದ ಭಯ ಕಳ್ಳರದೊಂದೇ. ಅಲ್ಲದೆ ವಜ್ರಕ್ಕೆ ಬೆಲೆ ಕಟ್ಟಬಹುದು, ಕಟ್ಟಿದ ಬೆಲೆಗೆ ವಿಮೆ ಮಾಡಿಸಬಹುದು. ಓಲೆಗರಿಯ ಒಂದು ಕಟ್ಟಿಗೆ ಅಂಚೆಯ ಚೀಟಿಯಲ್ಲಿ ಯಾವ ಮೊತ್ತವನ್ನು ಬರೆಯುವುದು? ಬರೆದ ಮೊತ್ತ ಕೈಸೇರಿದರೂ ಹೋದ ಪಾಠ ಮರಳುವುದೇ?

1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯು ಅಂಚೆಯಲ್ಲಿ ಕಳುಹಿಸಬಾರದ ವಸ್ತುಗಳನ್ನು ಹೆಸರಿಸಿತ್ತು. ಸ್ಫೋಟಕಗಳು, ವಿಷವಸ್ತುಗಳು, ಹೊಲಸು ಪದಾರ್ಥಗಳು, ಸರಿಯಾಗಿ ಹೊದಿಸದ ಹರಿತವಾದ ಉಪಕರಣಗಳು, ಹಾನಿಕರವಾದ ಜೀವಂತ ಪ್ರಾಣಿಗಳು ಆ ಪಟ್ಟಿಯಲ್ಲಿದ್ದವು. ಈಗ ಆ ಕಾಯಿದೆಯ ಸ್ಥಾನದಲ್ಲಿ 2023ರ ಕಾಯಿದೆಯು 2024ರ ಜೂನ್ 18ರಿಂದ ಜಾರಿಯಲ್ಲಿದೆ. ಹಳೆಯ ಪಟ್ಟಿಯನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಹೊಳೆಯುತ್ತದೆ: ಅವೆಲ್ಲವೂ ಟಪಾಲಿಗೂ ಅದನ್ನು ಮುಟ್ಟುವವರಿಗೂ ಕೇಡು ಮಾಡುವ ವಸ್ತುಗಳು. ಟಪಾಲಿನ ಪ್ರಯಾಣದಿಂದ ತಾವೇ ಕೆಡುವ ವಸ್ತುಗಳ ಪಟ್ಟಿಯನ್ನು ಜನರು ತಮ್ಮ ವಿವೇಕದಿಂದಲೇ ಮಾಡಿಕೊಳ್ಳಬೇಕು. ಆ ಪಟ್ಟಿಯಲ್ಲಿ ಓಲೆಗರಿಗೆ ಅಗ್ರಸ್ಥಾನ.

ಮೊದಲ ಗರಿ, ಕಡೆಯ ಗರಿ

ಓಲೆಗ್ರಂಥದ ರಚನೆಯನ್ನು ಅರಿತವರಿಗೆ ಇದರ ಕಾರಣ ಸ್ಪಷ್ಟ. ಬರವಣಿಗೆಗೆ ಬಳಸುತ್ತಿದ್ದ ಗರಿಗಳಲ್ಲಿ ಶ್ರೀತಾಳದ ಗರಿ ತೆಳುವೂ ಮೃದುವೂ ಆದುದು; ಸಾಮಾನ್ಯ ತಾಳೆಯ ಗರಿ ದಪ್ಪವೂ ಒರಟೂ ಆದುದು. ಹದಗೊಳಿಸಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ತೊಡೆದು ಒರಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟುವುದು ರೂಢಿ. ಕಾಲ ಸಂದಂತೆ ಗರಿಯ ಮೃದುತ್ವ ಕುಂದುತ್ತದೆ. ದುರ್ಗದ ಸೀಮೆಯ ಒಣಹವೆಯಲ್ಲಿ ಅದು ಬಾಗಿದರೆ ಮುರಿಯುವ ಸ್ಥಿತಿಗೆ ಬಂದಿರುತ್ತದೆ. ತೇವ ತಗುಲಿದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಬೂಷ್ಟು ಹಿಡಿದರೆ ಗರಿಗೆ ಗರಿ ಅಂಟಿಕೊಳ್ಳುತ್ತದೆ.

ಇಂತಹ ಕಟ್ಟೊಂದು ಹೊಸದುರ್ಗದಿಂದ ಮೈಸೂರಿಗೆ ಪಾರ್ಸೆಲ್ಲಾಗಿ ಹೊರಟಿತೆಂದು ಭಾವಿಸೋಣ. ಅದು ಚೀಲ ಸೇರುತ್ತದೆ. ಚೀಲದ ಮೇಲೆ ಚೀಲ ಬೀಳುತ್ತದೆ. ವಾಹನದಿಂದ ವಾಹನಕ್ಕೆ, ಕೈಯಿಂದ ಕೈಗೆ ಹೋಗುತ್ತದೆ. ಆ ಕೈಗಳಲ್ಲಿ ಯಾವುದಕ್ಕೂ ಒಳಗಿರುವುದೇನೆಂಬುದು ತಿಳಿಯದು. ತಿಳಿಯಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಕುಲುಕಾಟಕ್ಕೆ ಗರಿಗಳು ಒಂದರ ಮೇಲೊಂದು ಸರಿದು ರಂಧ್ರದ ಅಂಚು ಸೀಳುತ್ತದೆ, ದಾರ ಹರಿಯುತ್ತದೆ, ತುದಿಗಳು ಉದುರುತ್ತವೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ವಿಚಾರವಿದೆ. ಒತ್ತಡಕ್ಕೆ ಮೊದಲು ಬಲಿಯಾಗುವವು ಕಟ್ಟಿನ ಹೊರಬದಿಯ ಗರಿಗಳು, ಅಂದರೆ ಮೊದಲ ಗರಿ ಮತ್ತು ಕಡೆಯ ಗರಿ. ಗ್ರಂಥದ ಹೆಸರು, ಆರಂಭದ ಸ್ತುತಿ ಇರುವುದು ಮೊದಲ ಗರಿಯಲ್ಲಿ. ಯಾರು ಬರೆದರು, ಯಾರ ಓದಿಗಾಗಿ ಬರೆದರು, ಯಾವ ಸಂವತ್ಸರ, ಯಾವ ಮಾಸ, ಯಾವ ಊರು ಎಂಬ ವಿವರಗಳು ಇದ್ದರೆ ಅವು ಇರುವುದು ಕಡೆಯ ಗರಿಯಲ್ಲಿ. ನಡುವಿನ ನೂರು ಗರಿಗಳು ಕ್ಷೇಮವಾಗಿ ತಲುಪಿ ಈ ಎರಡು ಗರಿಗಳು ಪುಡಿಯಾದರೆ, ತಲುಪಿದ್ದು ಹೆಸರು, ಊರು, ಕಾಲ ಯಾವುದೂ ಇಲ್ಲದ ಗ್ರಂಥ. ಪಾರ್ಸೆಲ್ ಮುಟ್ಟಿತೆಂದು ಸಹಿ ಹಾಕಿಸಿಕೊಂಡ ಚೀಟಿ ಮಾತ್ರ ಸರಿಯಾಗಿರುತ್ತದೆ.

ಲಿಪಿಕಾರರು ಗ್ರಂಥದ ಕೊನೆಯಲ್ಲಿ ಬರೆಯುತ್ತಿದ್ದ ಸಂಸ್ಕೃತ ಪ್ರಾರ್ಥನೆಯೊಂದರ ಭಾವವನ್ನು ಇಲ್ಲಿ ನೆನೆಯಬಹುದು. ಅದರಲ್ಲಿ ಪುಸ್ತಕವೇ ಮಾತಾಡುತ್ತದೆ: ತನ್ನನ್ನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಬೇಕು, ಅರಿಯದವರ ಕೈಗೆ ಕೊಡಬಾರದು ಎಂದು ಬೇಡುತ್ತದೆ. ಈ ನಾಲ್ಕರಲ್ಲಿ ಎಣ್ಣೆಯೊಂದನ್ನು ಬಿಟ್ಟರೆ ಉಳಿದ ಮೂರು ಭಯಗಳೂ ಟಪಾಲು ಚೀಲದಲ್ಲಿವೆ.

ಕಡತದ ಪಾಡು

ಈ ಸೀಮೆಯಲ್ಲಿ ಓಲೆಯಂತೆಯೇ ಬಳಕೆಯಲ್ಲಿದ್ದ ಮತ್ತೊಂದು ಲೇಖನಸಾಧನ ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವರ್ತಕರ ವಹಿ, ಪಾಳೆಯಗಾರರ ವಂಶಾವಳಿ ಮುಂತಾದವು ಕಡತಗಳಲ್ಲಿ ಉಳಿದು ಬಂದಿವೆ. ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇವುಗಳನ್ನು ವರ್ಣಿಸಿದ್ದಾನೆ. ಕಡತದ ಅನುಕೂಲವೆಂದರೆ ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಇಂದು ಅದರ ಅಪಾಯವೂ ಅದೇ. ಬಳಪದ ಬರಹ ಉಜ್ಜಿದರೆ ಅಳಿಯುತ್ತದೆ. ಕುಲುಕುವ ಚೀಲದಲ್ಲಿ ಮಡಿಕೆಗೆ ಮಡಿಕೆ ಉಜ್ಜಿದರೆ ವಸ್ತ್ರ ಹರಿಯದೆಯೂ ಇತಿಹಾಸ ಅಳಿದುಹೋದೀತು. ಹುಲ್ಲೂರು ಶ್ರೀನಿವಾಸ ಜೋಯಿಸರಂತಹ ವಿದ್ವಾಂಸರು ಚಿತ್ರದುರ್ಗದ ಇತಿಹಾಸವನ್ನು ಬರೆಯಲು ಸಾಧ್ಯವಾದುದು ಇಂತಹ ಹಳೆಯ ಬರಹಗಳು ಮನೆಮನೆಗಳಲ್ಲಿ ಉಳಿದಿದ್ದುದರಿಂದ.

ಮೂಲ ನಿಲ್ಲಲಿ, ಪ್ರತಿ ಹೋಗಲಿ

ಹಾಗಾದರೆ ಗ್ರಂಥವು ಮನೆಯ ಅಟ್ಟದಲ್ಲೇ ಗೆದ್ದಲಿಗೆ ಆಹಾರವಾಗಬೇಕೆ? ಖಂಡಿತ ಕೂಡದು. ಪರಿಹಾರವನ್ನು ಇದೇ ಜಿಲ್ಲೆಯ ಬಂಡೆಗಳೇ ಬೋಧಿಸುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಶೋಧಿಸಿದರು. ಅವನ್ನು ಓದಿ ಸಂಪಾದಿಸಿದ ವಿದ್ವಾಂಸರಲ್ಲಿ ಒಬ್ಬರಾದ ಬ್ಯೂಲರ್ ಅವರು ಆಗ ದೂರದ ವಿಯೆನ್ನಾದಲ್ಲಿದ್ದರು. ಬಂಡೆಯು ಬ್ರಹ್ಮಗಿರಿಯನ್ನು ಬಿಟ್ಟು ಕದಲಲಿಲ್ಲ. ಕಾಗದದ ಮೇಲೆ ತೆಗೆದ ಅದರ ಅಚ್ಚು ಸಮುದ್ರ ದಾಟಿತು. ಅಚ್ಚು ದಾರಿಯಲ್ಲಿ ಕಳೆದಿದ್ದರೆ ಮತ್ತೊಂದನ್ನು ತೆಗೆಯಬಹುದಾಗಿತ್ತು.

ಬಂಡೆ ತನ್ನ ಭಾರದಿಂದಲೇ ತನ್ನನ್ನು ಕಾಪಾಡಿಕೊಂಡಿತು. ಹಗುರವಾದ ಓಲೆಗೆ ಆ ಬಲವಿಲ್ಲ. ಆದುದರಿಂದ ಅದರ ವಿಷಯದಲ್ಲಿ ಈ ನಿಯಮವನ್ನು ಮನುಷ್ಯನೇ ಪಾಲಿಸಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಇಂದಿನವರೆಗೆ ಉಳಿದುದು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿಟ್ಟ ಅಜ್ಞಾತ ಲಿಪಿಕಾರರ ಶ್ರಮದಿಂದ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಹಾಗೆ ಅಚ್ಚಾದ ಮೇಲೆ ವಚನಗಳು ಅಂಚೆಯಲ್ಲಿ ನಿರ್ಭಯವಾಗಿ ಸಂಚರಿಸಿದವು; ಒಂದು ಸಂಚಿಕೆ ಕಳೆದರೆ ಇನ್ನೊಂದು ಇತ್ತು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಪ್ರತಿಯಿಂದಲೇ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಕಟ್ಟು ಹಾದಿಯಲ್ಲಿ ನಾಶವಾಗಿದ್ದರೆ ಆಗುತ್ತಿದ್ದ ನಷ್ಟವನ್ನು ಊಹಿಸಿಕೊಳ್ಳಬಹುದು.

ಪ್ರತಿ ಮಾಡದೆ ಮೂಲವನ್ನು ಸಾಗಿಸಿದುದರ ಫಲವನ್ನು ಲೋಕ ಕಂಡಿದೆ. ಸರ್ ಸ್ಟಾಮ್‌ಫರ್ಡ್ ರಾಫಲ್ಸ್ 1824ರ ಫೆಬ್ರವರಿಯಲ್ಲಿ ಸುಮಾತ್ರಾದಿಂದ ಇಂಗ್ಲೆಂಡಿಗೆ ಹೊರಟಾಗ ‘ಫೇಮ್’ ಎಂಬ ಹಡಗು ಬೆಂಕಿಗೆ ಆಹುತಿಯಾಯಿತು. ಜನರು ಬದುಕಿದರು, ಆತ ವರ್ಷಗಟ್ಟಲೆ ಸಂಗ್ರಹಿಸಿದ್ದ ಮಲಯ ಹಸ್ತಪ್ರತಿಗಳೂ ಟಿಪ್ಪಣಿಗಳೂ ಸುಟ್ಟುಹೋದವು. ಟಿ. ಇ. ಲಾರೆನ್ಸ್ 1919ರಲ್ಲಿ ರೀಡಿಂಗ್ ರೈಲು ನಿಲ್ದಾಣದಲ್ಲಿ ತನ್ನ ಗ್ರಂಥದ ಕರಡನ್ನು ಕಳೆದುಕೊಂಡು, ಬಹುಪಾಲನ್ನು ನೆನಪಿನಿಂದ ಮತ್ತೆ ಬರೆದನು. ಕರ್ತೃ ಬದುಕಿದ್ದುದರಿಂದ ಅದು ಸಾಧ್ಯವಾಯಿತು. ಅಟ್ಟದ ಮೇಲಿನ ಓಲೆಯ ಕರ್ತೃ ಮತ್ತೆ ಬಂದು ಬರೆದುಕೊಡುವವನಲ್ಲ. ಸ್ವತಃ ಕೈಯಲ್ಲಿ ಹಿಡಿದು ಹೊರಟರೂ ಮೊದಲು ಪ್ರತಿ ಮಾಡಿರಬೇಕೆಂಬುದೇ ಈ ಎರಡು ಪ್ರಸಂಗಗಳ ಪಾಠ.

ಮನೆಯವರು ಮಾಡಬೇಕಾದುದು

ಕಟ್ಟು ದೊರೆತಾಗ ಅನುಸರಿಸಬೇಕಾದ ಕ್ರಮ ಕಷ್ಟಸಾಧ್ಯವೇನಲ್ಲ. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬಾರದು. ಅಕ್ಷರ ಕಾಣಲೆಂದು ನೀರು, ಅಡುಗೆ ಎಣ್ಣೆ ಸವರಬಾರದು. ಹಸ್ತಪ್ರತಿ ಭಂಡಾರಗಳಲ್ಲಿ ನಿಂಬೆಹುಲ್ಲಿನ ಎಣ್ಣೆಯಿಂದ ಉಪಚರಿಸುವ ಪದ್ಧತಿಯಿದೆ, ಅದು ಬಲ್ಲವರ ಕೈಯಿಂದಲೇ ಆಗಬೇಕು. ಬಿಡಿಯಾಗಿ ಬರುವ ಗರಿಗಳಿದ್ದರೆ, ಇರುವ ಅನುಕ್ರಮವನ್ನು ಕದಲಿಸದೆ ಒಂದೊಂದರ ಎರಡೂ ಮಗ್ಗುಲುಗಳ ಛಾಯಾಚಿತ್ರವನ್ನು ಹಗಲ ಬೆಳಕಿನಲ್ಲಿ ತೆಗೆಯಬೇಕು. ಇಂದು ಮನೆಮನೆಯಲ್ಲಿರುವ ಮೊಬೈಲ್ ಫೋನು ಇದಕ್ಕೆ ಸಾಕು. ಗರಿಗಳ ಸಂಖ್ಯೆಯನ್ನು ಎಣಿಸಿ ಬರೆದಿಡಬೇಕು. ವಿದ್ವಾಂಸರಿಗೆ ಮೊದಲು ಹೋಗಬೇಕಾದುದು ಈ ಚಿತ್ರಗಳು; ಗ್ರಂಥ ಯಾವುದೆಂಬುದನ್ನು ಅವುಗಳಿಂದಲೇ ಬಹುಮಟ್ಟಿಗೆ ನಿರ್ಣಯಿಸಬಹುದು.

ಮೂಲವನ್ನೇ ಒಯ್ಯಬೇಕಾದ ಸಂದರ್ಭ ಒದಗಿದರೆ, ಎರಡು ಹಲಗೆಗಳ ನಡುವೆ ಹದವಾಗಿ ಕಟ್ಟಿ, ಹತ್ತಿಬಟ್ಟೆ ಸುತ್ತಿ, ಮನೆಯವರೊಬ್ಬರು ತೊಡೆಯ ಮೇಲಿಟ್ಟುಕೊಂಡು ಹೋಗುವುದೇ ಲೇಸು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಮುಂತಾದವು ಇಂತಹ ಕಾರ್ಯಕ್ಕೆ ಮೀಸಲಾದ ಸಂಸ್ಥೆಗಳು. ಯಾರಿಗೇ ಒಪ್ಪಿಸಲಿ, ಗರಿಗಳ ಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ಪಡೆಯಬೇಕು. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರಲ್ಲಿ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಿತು. ಎರಡರ ಆಶಯಗಳಲ್ಲೂ ಹಸ್ತಪ್ರತಿಗಳ ಚಿತ್ರೀಕರಣಕ್ಕೆ ಪ್ರಾಮುಖ್ಯವಿದೆ.

ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಇನ್ನೊಂದು ವಿಷಯವನ್ನು ಅರಿತಿರಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ, ಚಾರಿತ್ರಿಕ, ಸಾಹಿತ್ಯಿಕ ಅಥವಾ ಶಾಸ್ತ್ರೀಯ ಮೌಲ್ಯವುಳ್ಳ, 75 ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿಯು ಪುರಾತನ ವಸ್ತುವೆನಿಸುತ್ತದೆ. ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಕಳುಹಿಸುವಂತಿಲ್ಲ. ಅಜ್ಜನ ಓಲೆಕಟ್ಟನ್ನು ಸ್ಮರಣಿಕೆಯಾಗಿ ಕಳುಹಿಸಿಕೊಡಿರೆಂದು ಊರಿನವರನ್ನು ಕೇಳುವುದು, ಅಭಿಮಾನದಿಂದಲೇ ಆದರೂ, ಅವರನ್ನು ತೊಂದರೆಗೆ ಸಿಲುಕಿಸುವ ಮಾತು. ಅದರ ಬದಲು ಕಟ್ಟಿನ ಛಾಯಾಪ್ರತಿಗೆ ತಗಲುವ ವೆಚ್ಚವನ್ನು ಕಳುಹಿಸಿದರೆ ಅಜ್ಜನ ಅಕ್ಷರವೂ ಕಣ್ಣಿಗೆ ಬೀಳುತ್ತದೆ, ಗ್ರಂಥವೂ ನಾಡಿನಲ್ಲಿ ಉಳಿಯುತ್ತದೆ.

ವಿದ್ಯಾಸಂಸ್ಥೆಗಳಿಗೂ ಇಲ್ಲೊಂದು ಕರ್ತವ್ಯವಿದೆ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು, ಮನೆಯಲ್ಲಿ ಓಲೆ ಅಥವಾ ಕಡತ ಇದೆಯೇ ಎಂದು ಹಿರಿಯರನ್ನು ವಿಚಾರಿಸಿ ಬರುವಂತೆ ಪ್ರೇರೇಪಿಸಬಹುದು. ಇರುವ ಮನೆಗೆ ಉಪಾಧ್ಯಾಯರೇ ಹೋಗಿ, ಹಿರಿಯರ ಸಮ್ಮುಖದಲ್ಲಿ ಚಿತ್ರ ತೆಗೆದು, ಕಟ್ಟನ್ನು ಅಲ್ಲೇ ಬಟ್ಟೆ ಸುತ್ತಿ ಇಟ್ಟು ಬರಬಹುದು. ಹಿಂದೆ ಲಿಪಿಕಾರನು ಗ್ರಂಥವಿದ್ದಲ್ಲಿಗೆ ಹೋಗಿ, ವಾರಗಟ್ಟಲೆ ಕುಳಿತು ಪ್ರತಿ ಮಾಡಿಕೊಂಡು ಬರುತ್ತಿದ್ದ. ಇಂದು ಅದೇ ಕಾರ್ಯಕ್ಕೆ ಒಂದು ಮಧ್ಯಾಹ್ನ ಸಾಕು.