ಚಿಪ್ಸ್ ಕರಿಯುವ ಮನೆಗೆ ಎಂಥ ಆಲೂಗೆಡ್ಡೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತ ಬಾಂಧವರಿಗೆ ಆಲೂಗೆಡ್ಡೆ ಹೊಸ ಬೆಳೆಯೇನಲ್ಲ. ದೂರದ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ತಂದು, ಅಣ್ಣತಮ್ಮಂದಿರು ಕೂಡಿ ಬೆಳೆಯುವ ಮನೆಗಳು ನಮ್ಮಲ್ಲಿವೆ. ಬೆಲೆ ಕುಸಿದ ವರ್ಷ ಇಂಥ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಮಂಡಿಗೆ ಹಾಕಿ ನಷ್ಟಪಡುವುದಕ್ಕಿಂತ ನಾವೇ ಚಿಪ್ಸ್ ಕರಿದು ಮಾರಬಾರದೇಕೆ?" ಮಾತೇನೋ ಒಳ್ಳೆಯದೇ. ಆದರೆ ಅದನ್ನು ಆಡಬೇಕಾದದ್ದು ಗೆಡ್ಡೆ ಕಿತ್ತ ಮೇಲಲ್ಲ, ಬಿತ್ತನೆ ಕೊಳ್ಳುವುದಕ್ಕೆ ಮುಂಚೆ.

ಏಕೆಂದರೆ ಪಲ್ಯಕ್ಕೆ, ಹುಳಿಗೆ ಒಗ್ಗುವ ಗೆಡ್ಡೆಯೆಲ್ಲ ಬಾಣಲೆಗೆ ಒಗ್ಗುವುದಿಲ್ಲ. ಕರಿಯುವ ಗೆಡ್ಡೆಯಲ್ಲಿ ನೂರಕ್ಕೆ ೨೦ ಪಾಲಾದರೂ ಒಣ ಅಂಶವಿರಬೇಕು. ನೀರು ಹೆಚ್ಚಿದ್ದರೆ ಅದು ಎಣ್ಣೆಯನ್ನೂ ಹೆಚ್ಚು ಕುಡಿಯುತ್ತದೆ, ಉರುವಲನ್ನೂ ಹೆಚ್ಚು ತಿನ್ನುತ್ತದೆ. ೧೯೬೮ರಲ್ಲಿ ಬಿಡುಗಡೆಯಾಗಿ ನಮ್ಮಲ್ಲಿ ಬೇರೂರಿದ ಕುಫ್ರಿ ಜ್ಯೋತಿ ಊಟದ ತಳಿ. ಕರಿಯುವುದಕ್ಕೆಂದೇ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ೧೯೯೮ರಲ್ಲಿ ಕುಫ್ರಿ ಚಿಪ್‌ಸೋನಾ ೧ ಮತ್ತು ೨ ಎಂಬ ತಳಿಗಳನ್ನು ಹೊರತಂದರು. ಎಕರೆಗೆ ಸುಮಾರು ೬ ಕ್ವಿಂಟಾಲ್ ಬಿತ್ತನೆ ಬೇಡುವ ಬೆಳೆಯಿದು. ಖರ್ಚಿನ ದೊಡ್ಡ ಪಾಲು ಅಲ್ಲಿಯೇ ಹೋಗುತ್ತದೆ. ತಪ್ಪು ತಳಿ ತಂದರೆ ಆ ವರ್ಷ ತಿದ್ದಿಕೊಳ್ಳಲು ದಾರಿಯಿಲ್ಲ.

ಒಣ ಅಂಶವನ್ನು ತಿಳಿಯಲು ಯಂತ್ರವೇನೂ ಬೇಡ. ೮ ಲೀಟರ್ ನೀರಿಗೆ ೧ ಕಿಲೋ ಉಪ್ಪು ಹಾಕಿ ಪೂರಾ ಕರಗಿಸಿ. ಮಣ್ಣು ತೊಳೆದು ಒರೆಸಿದ ಗೆಡ್ಡೆಗಳನ್ನು ಒಂದೊಂದಾಗಿ ಬಿಡಿ. ಮುಳುಗಿದ್ದು ಬಾಣಲೆಗೆ, ತೇಲಿದ್ದು ಸಂತೆಗೆ. ಹೊಲದ ನಾಲ್ಕಾರು ಕಡೆಯಿಂದ ಆರಿಸಿದ ಗೆಡ್ಡೆಗಳನ್ನು ಹೀಗೆ ನೋಡಿದರೆ ಸಾಕು, ಇಡೀ ಬೆಳೆಯ ಗುಣ ತಿಳಿಯುತ್ತದೆ. ಬಿಸಿಲಿಗೆ ಹಸಿರಾದ ಗೆಡ್ಡೆ ಎರಡಕ್ಕೂ ಬೇಡ, ಅದರಲ್ಲಿ ವಿಷವಿದೆ.

ಇನ್ನು ಶೀತಲಗೃಹದ ವಿಚಾರ. ಬೆಲೆ ಬರಲೆಂದು ೨ರಿಂದ ೪ ಡಿಗ್ರಿ ಶೀತದಲ್ಲಿಟ್ಟ ಗೆಡ್ಡೆ ಕೆಡುವುದಿಲ್ಲ, ನಿಜ. ಆದರೆ ಆ ಚಳಿಯಲ್ಲಿ ಗೆಡ್ಡೆಯೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಕಣ್ಣಿಗೆ ಹೊಸ ಗೆಡ್ಡೆಯಂತೆಯೇ ಕಾಣುತ್ತದೆ. ಎಣ್ಣೆಗೆ ಬಿದ್ದೊಡನೆ ಕಂದು ತಿರುಗಿ ಕಹಿಯಾಗುತ್ತದೆ. ಪಾಪ, ಉರಿ ಹೆಚ್ಚು ಮಾಡಿದಳೆಂದು ಸೊಸೆಯನ್ನು ದೂರುವವರೂ ಉಂಟು! ಕರಿಯುವ ಗೆಡ್ಡೆಯನ್ನು ೧೦ರಿಂದ ೧೨ ಡಿಗ್ರಿಯಲ್ಲಿ ಇಡಬೇಕು. ಚೀಲ ಬಿಚ್ಚಿದಾಗ ಮೊದಲು ನಾಲ್ಕು ಬಿಲ್ಲೆ ಕರಿದು ಬಣ್ಣ ನೋಡಿ, ಆಮೇಲೆ ಉಳಿದದ್ದನ್ನು ಹೆಚ್ಚಿರಿ.

ಲೆಕ್ಕವನ್ನೂ ಮೊದಲೇ ಬರೆದಿಡಿ. ಸುಮಾರು ೪ ಕಿಲೋ ಗೆಡ್ಡೆಗೆ ೧ ಕಿಲೋ ಚಿಪ್ಸ್ ಸಿಗುತ್ತದೆ. ಅದರ ತೂಕದಲ್ಲಿ ಮೂರರಲ್ಲೊಂದು ಪಾಲಿನಷ್ಟು ಎಣ್ಣೆಯೇ. ಗೆಡ್ಡೆಗೆ ಅಂದಿನ ಮಂಡಿ ಬೆಲೆ ಕಟ್ಟಬೇಕು, ಮನೆಯದೆಂದು ಬಿಟ್ಟಿ ಹಿಡಿಯಬಾರದು. ಎಣ್ಣೆ, ಉರುವಲು, ಪೊಟ್ಟಣಗಳ ಖರ್ಚನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಒಲೆಯ ಮುಂದೆ ದಿನವಿಡೀ ಕೂತ ಹೆಂಗಸರ ಕೂಲಿಯನ್ನು. ಎಷ್ಟೋ ಮನೆಗಳಲ್ಲಿ ಲಾಭವೆಂದು ಎಣಿಸಿಕೊಳ್ಳುವ ಹಣ ಆ ಕೂಲಿಯೇ ಆಗಿರುತ್ತದೆ. ಅದನ್ನು ಕಳೆದ ಮೇಲೂ ಮಂಡಿಗಿಂತ ಹೆಚ್ಚು ಉಳಿದರೆ ಮಾತ್ರ ಬಾಣಲೆ ಕೊಳ್ಳಿರಿ.

ಹಿಂಗಾರಿನ ಬಿತ್ತನೆ ಅಕ್ಟೋಬರ್, ನವೆಂಬರಿನಲ್ಲಿ. ತಳಿಯ ವಿಚಾರವನ್ನು ಅದಕ್ಕೆ ಮೊದಲೇ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ.