ಸಂಜ್ಞಾಭಾಷೆಯಲ್ಲಿ ಗಾಯನ: ಒಂದು ವಿವೇಚನೆ

ಶಾಲೆಯ ಬೆಳಗಿನ ಪ್ರಾರ್ಥನೆಯ ವೇಳೆ. ಮಕ್ಕಳೆಲ್ಲರೂ ಸಾಲಾಗಿ ನಿಂತು ವಚನವೊಂದನ್ನು ಒಕ್ಕೊರಲಿನಿಂದ ಹಾಡುತ್ತಿರುವರೆಂದು ಭಾವಿಸೋಣ. ಆ ಸಾಲಿನಲ್ಲಿ ಕಿವಿ ಕೇಳದ ಮಗುವೊಂದು ನಿಂತಿದೆ. ಅದಕ್ಕೆ ಕಾಣುವುದು ತೆರೆದು ಮುಚ್ಚುವ ಬಾಯಿಗಳು ಮಾತ್ರ. ಅಕ್ಕಪಕ್ಕದವರು ಕೈಮುಗಿದಾಗ ತಾನೂ ಮುಗಿಯುತ್ತದೆ. ಅವರು ಇಳಿಸಿದಾಗ ತಾನೂ ಇಳಿಸುತ್ತದೆ. ಪ್ರಾರ್ಥನೆ ಮುಗಿಯಿತೆಂಬುದು ಅದಕ್ಕೆ ತಿಳಿಯಿತು. ಏನನ್ನು ಪ್ರಾರ್ಥಿಸಲಾಯಿತೆಂಬುದು ತಿಳಿಯಲಿಲ್ಲ.

ಈ ಕೊರತೆಯನ್ನು ನೀಗಲೆಂದು ಹಾಡುಗಳನ್ನು ಕೈಸನ್ನೆಗಳ ಮೂಲಕ, ಅಂದರೆ ಸಂಜ್ಞಾಭಾಷೆಯಲ್ಲಿ, ಪ್ರದರ್ಶಿಸುವ ಪದ್ಧತಿ ಇಂದು ಅನೇಕ ಕಡೆ ರೂಢಿಗೆ ಬಂದಿದೆ. ಅದನ್ನು ಕಂಡ ಕೇಳುವವರು ಮನಸಾರೆ ಮೆಚ್ಚುತ್ತಾರೆ; ಕೆಲವರ ಕಣ್ಣುಗಳು ತೇವವಾಗುವುದೂ ಉಂಟು. ಆದರೆ ಯಾರಿಗಾಗಿ ಆ ಪ್ರದರ್ಶನ ಏರ್ಪಟ್ಟಿತೋ ಅವರಿಗೆ ಅದರ ಬಗ್ಗೆ ಏನೆನಿಸುತ್ತದೆ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಶಿಕ್ಷಕರೂ ವಿಚಾರಿಸುವುದು ಉಚಿತವಾಗಿದೆ.

ನಾದವೂ ಸ್ಪಂದನವೂ

ಕಿವುಡರಿಗೆ ಸಂಗೀತದ ಗಂಧವೇ ಇಲ್ಲವೆಂಬುದು ಮೊದಲನೆಯ ತಪ್ಪು ಕಲ್ಪನೆ. ನಮ್ಮ ಕೋಲಾರ ಸೀಮೆಯ ಜಾತ್ರೆಗಳಲ್ಲಿ ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಪೆಟ್ಟು ಬಿದ್ದಾಗ ಅದನ್ನು ಕಿವಿಯೊಂದೇ ಅರಿಯುವುದಿಲ್ಲ. ಎದೆಯ ಗೂಡೂ ಅರಿಯುತ್ತದೆ, ಕಾಲಡಿಯ ನೆಲವೂ ಅರಿಯುತ್ತದೆ. ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಮುನಿವೆಂಕಟಪ್ಪನವರು, 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಪಿಂಡಿಪಾಪನಹಳ್ಳಿಯವರು. ಅಂತಹ ವಾದ್ಯದ ಗತಿಯನ್ನು ಕಿವಿ ಕೇಳದವನೂ ತನ್ನ ಮೈಯಿಂದ ಗ್ರಹಿಸಬಲ್ಲನು. ಸ್ಕಾಟ್ಲೆಂಡಿನ ಪ್ರಸಿದ್ಧ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಬಾಲ್ಯದಲ್ಲಿಯೇ ಶ್ರವಣಶಕ್ತಿಯ ಬಹುಭಾಗವನ್ನು ಕಳೆದುಕೊಂಡವರು. ಅವರು ಬರಿಗಾಲಿನಲ್ಲಿ ನಿಂತು ವೇದಿಕೆಯ ಕಂಪನವನ್ನು ಅನುಭವಿಸುತ್ತ ನುಡಿಸುತ್ತಾರೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಶಿಬಾಟಾ ಎಂಬ ವೈದ್ಯರು, ಕೇಳುವವರ ಮಿದುಳಿನಲ್ಲಿ ಶಬ್ದವನ್ನು ಗ್ರಹಿಸುವ ಭಾಗವು ಕಿವುಡರಲ್ಲಿ ಕಂಪನಕ್ಕೆ ಸ್ಪಂದಿಸುವುದನ್ನು ಗುರುತಿಸಿದರು.

ಲಯವನ್ನು ಮೈ ಅರಿಯಿತು, ಸರಿ. ಆದರೆ ಹಾಡಿನಲ್ಲಿ ಲಯವಲ್ಲದೆ ಮಾತೂ ಇದೆ. ಆ ಮಾತನ್ನು ತಲುಪಿಸಬೇಕಾದುದು ಭಾಷೆ.

ಸಂಜ್ಞೆಯು ಭಾಷೆಯೇ

ಸಂಜ್ಞಾಭಾಷೆಯೆಂದರೆ ಆಡುಮಾತಿನ ಪದಪದಕ್ಕೂ ಒಂದೊಂದು ಕೈಸನ್ನೆಯನ್ನು ಜೋಡಿಸುವುದೆಂದು ಬಹುಮಂದಿ ತಿಳಿದಿದ್ದಾರೆ. ವಾಸ್ತವವು ಹಾಗಿಲ್ಲ. ಕೈಯ ಆಕಾರ, ಅದರ ಸ್ಥಾನ, ಚಲನೆ, ಮುಖಭಾವ ಇವೆಲ್ಲವೂ ಕೂಡಿ ಅಲ್ಲಿ ಅರ್ಥವನ್ನು ಹುಟ್ಟಿಸುತ್ತವೆ. ಹುಬ್ಬಿನ ಚಲನೆಯೊಂದೇ ಹೇಳಿಕೆಯನ್ನು ಪ್ರಶ್ನೆಯಾಗಿ ಮಾರ್ಪಡಿಸಬಲ್ಲದು. ಭಾರತೀಯ ಸಂಜ್ಞಾಭಾಷೆಯಲ್ಲಿ 'ಏನು', 'ಎಲ್ಲಿ' ಮುಂತಾದ ಪ್ರಶ್ನಾರ್ಥಕಗಳು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಅದಕ್ಕೆ ತನ್ನದೇ ಆದ ವ್ಯಾಕರಣವಿದೆ.

ಈ ಭಾಷೆಗೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು, ಕಿವುಡ ಮಕ್ಕಳಿಗೆ ಬಾಯಿಮಾತಿನಿಂದಲೇ ಕಲಿಸತಕ್ಕದ್ದೆಂದು ನಿರ್ಣಯಿಸಿತು. ತರುವಾಯ ಎಷ್ಟೋ ದೇಶಗಳ ಶಾಲೆಗಳಿಂದ ಕೈಮಾತು ಹೊರಬಿದ್ದಿತು. 1960ರಲ್ಲಿ ವಿಲಿಯಂ ಸ್ಟೋಕೋ ಎಂಬ ಅಮೆರಿಕದ ವಿದ್ವಾಂಸರು ಅಲ್ಲಿಯ ಸಂಜ್ಞಾಭಾಷೆಗೂ ಸ್ವತಂತ್ರ ರಚನೆಯಿದೆಯೆಂದು ತೋರಿಸಿಕೊಟ್ಟರು. ಮಿಲಾನಿನ ನಿರ್ಣಯಕ್ಕಾಗಿ ವಿಷಾದ ವ್ಯಕ್ತವಾದುದು 2010ರ ವ್ಯಾಂಕೂವರ್ ಸಮ್ಮೇಳನದಲ್ಲಿ. ನಡುವೆ ನೂರಮೂವತ್ತು ವರ್ಷಗಳು ಕಳೆದಿದ್ದವು. ನಮ್ಮ ದೇಶದಲ್ಲಿ 2011ರ ಜನಗಣತಿಯು ಶ್ರವಣದೋಷವುಳ್ಳವರನ್ನು ಸುಮಾರು 50 ಲಕ್ಷವೆಂದು ಎಣಿಸಿತು. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರವು ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳಿದ್ದ ಅದರ ನಿಘಂಟು 2021ರ ವೇಳೆಗೆ 10,000 ಪದಗಳಿಗೆ ಬೆಳೆಯಿತು.

ಎರಡು ನೋಟಗಳು

2017ರ ಆಗಸ್ಟ್ ತಿಂಗಳಲ್ಲಿ ನಮ್ಮ ರಾಷ್ಟ್ರಗೀತೆಯ ಸಂಜ್ಞಾಭಾಷಾ ರೂಪದ ಚಿತ್ರವೊಂದು ಬಿಡುಗಡೆಯಾಯಿತು. ಗೋವಿಂದ ನಿಹಲಾನಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರೊಂದಿಗೆ ಮಕ್ಕಳು ಕೆಂಪುಕೋಟೆಯ ಹಿನ್ನೆಲೆಯಲ್ಲಿ ನಿಂತು ಗೀತೆಯನ್ನು ಕೈಗಳಿಂದ ಸಲ್ಲಿಸುತ್ತಾರೆ. ಕಿವಿಯುಳ್ಳ ನಾವು ಬಾಲ್ಯದಿಂದ ಆ ಗೀತೆಯನ್ನು ಹಾಡುತ್ತಿದ್ದರೂ ಅದರ ಎಲ್ಲ ಪದಗಳ ಅರ್ಥವನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅರ್ಥ ತಿಳಿಯದೆ ಹಾಡುವುದು ಸಾಧ್ಯ. ಅರ್ಥ ತಿಳಿಯದೆ ಅದನ್ನು ಸಂಜ್ಞೆಗೆ ತರುವುದು ಸಾಧ್ಯವಿಲ್ಲ. ಈ ದೃಷ್ಟಿಯಿಂದ ಸಂಜ್ಞಾಗಾಯನವು ಕೇಳುವವರಿಗೂ ಒಂದು ಪಾಠ.

ಆದರೆ ಕೇಳುವವನು ಇಂತಹ ಪ್ರದರ್ಶನವನ್ನು ನೋಡುವಾಗ ಅವನ ಕಿವಿಯಲ್ಲಿ ಹಾಡು ತುಂಬಿಕೊಂಡೇ ಇರುತ್ತದೆ. ಸಂಜ್ಞೆಯು ಅಸ್ಪಷ್ಟವಾಗಿದ್ದರೂ, ತಪ್ಪಾಗಿದ್ದರೂ, ಅವನಿಗೆ ಕೊರತೆಯೆನಿಸುವುದಿಲ್ಲ. ತಾಳಕ್ಕೆ ಸರಿಯಾಗಿ ಕೈ ಆಡಿದರೆ ಸಾಕು, ಚೆಂದವೆನ್ನುತ್ತಾನೆ. ಕಿವುಡನಿಗಾದರೋ ಆ ಕೈಗಳೇ ಸರ್ವಸ್ವ. ಅವು ತೊದಲಿದರೆ ಅವನ ಪಾಲಿಗೆ ಹಾಡೇ ತೊದಲಿದಂತೆ.

ಈ ಅಂತರವು ಬೇರೊಂದು ಬಗೆಯಲ್ಲಿ 2020ರ ಫೆಬ್ರವರಿಯಲ್ಲಿ ಲೋಕಕ್ಕೆ ಕಂಡಿತು. ಮಯಾಮಿಯಲ್ಲಿ ನಡೆದ ಅಮೆರಿಕದ ಫುಟ್‌ಬಾಲ್ ಅಂತಿಮ ಪಂದ್ಯಕ್ಕೆ ಮುನ್ನ ಕಿವುಡ ಕಲಾವಿದೆ ಕ್ರಿಸ್ಟೀನ್ ಸನ್ ಕಿಮ್ ಆ ದೇಶದ ರಾಷ್ಟ್ರಗೀತೆಯನ್ನು ಸಂಜ್ಞಾಭಾಷೆಯಲ್ಲಿ ಸಲ್ಲಿಸಿದರು. ದೂರದರ್ಶನದ ನೇರಪ್ರಸಾರವು ಅವರನ್ನು ಕೆಲವೇ ಕ್ಷಣ ತೋರಿಸಿ ಬೇರೆಡೆಗೆ ತಿರುಗಿತು. ತಮ್ಮ ನಿರಾಶೆಯನ್ನು ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಗಾಯಕರೊಬ್ಬರ ಧ್ವನಿಯನ್ನು ಹಾಡಿನ ನಡುವೆ ನಿಲ್ಲಿಸುವ ಧೈರ್ಯವನ್ನು ಯಾರು ಮಾಡಿಯಾರು?

ಕಿವುಡರೆಲ್ಲರ ಅಭಿಪ್ರಾಯವೂ ಒಂದೇ ಎಂದು ತಿಳಿಯಲಾಗದು. ಪ್ರಾಯಕ್ಕೆ ಬಂದ ಮೇಲೆ ಶ್ರವಣಶಕ್ತಿಯನ್ನು ಕಳೆದುಕೊಂಡವರಿಗೆ ಹಳೆಯ ಹಾಡುಗಳ ನೆನಪಿರುತ್ತದೆ. ಶ್ರವಣಯಂತ್ರವನ್ನು ಬಳಸುವವರು ಅಲ್ಪಸ್ವಲ್ಪ ಕೇಳಿ ಆನಂದಿಸುವುದುಂಟು. ಹುಟ್ಟುಕಿವುಡರಲ್ಲಿ ಕೆಲವರು ಸಂಜ್ಞಾಗಾಯನವನ್ನು ಪ್ರೀತಿಯಿಂದ ನೋಡುತ್ತಾರೆ. ಮತ್ತೆ ಕೆಲವರು, ಹಾಡು ಕೇಳುವವರ ಸೊತ್ತು, ನಮಗೆ ನಮ್ಮದೇ ಕಾವ್ಯವಿದೆ ಎನ್ನುತ್ತಾರೆ. ಆ ಮಾತು ನಿಜವೂ ಹೌದು. ವೇಲ್ಸಿನಲ್ಲಿ ಜನಿಸಿದ ಕಿವುಡ ಕವಯಿತ್ರಿ ಡೊರೊಥಿ ಮೈಲ್ಸ್ ಅವರು ಸಂಜ್ಞಾಭಾಷೆಯಲ್ಲಿಯೇ ಕವಿತೆಗಳನ್ನು ರಚಿಸಿದರು. ನಮ್ಮ ಪದ್ಯದಲ್ಲಿ ಅಕ್ಷರದ ಪ್ರಾಸವಿರುವಂತೆ ಸಂಜ್ಞೆಯ ಕಾವ್ಯದಲ್ಲಿ ಒಂದೇ ಕೈಯಾಕಾರವು ಮರಳಿ ಮರಳಿ ಬಂದು ಪ್ರಾಸವಾಗುತ್ತದೆ.

ಶಾಲೆಯಲ್ಲಿ ಅನುಸರಿಸಬೇಕಾದ ಕ್ರಮ

ಇಷ್ಟರಿಂದ ನಮ್ಮ ಶಾಲೆಗಳು ಕಲಿಯತಕ್ಕುದೇನು? ವಾರ್ಷಿಕೋತ್ಸವಕ್ಕೆ ಒಂದು ವಚನವನ್ನು ಸಂಜ್ಞೆಯಲ್ಲಿ ಪ್ರದರ್ಶಿಸಬೇಕೆಂದಿಟ್ಟುಕೊಳ್ಳೋಣ. 'ಎದೆ ತುಂಬಿ ಬಂತು' ಎಂಬಂತಹ ಮಾತನ್ನು ಎದೆ, ತುಂಬು, ಬರು ಎಂದು ಮೂರು ಸನ್ನೆಗಳಾಗಿ ಒಡೆದರೆ ನೋಡುವವನಿಗೆ ಏನೂ ಅರ್ಥವಾಗದು. ಅಲ್ಲಿ ಬೇಕಾದುದು ಆ ಭಾವವನ್ನು ಹೇಳುವ ಸಂಜ್ಞೆ ಮತ್ತು ಅದಕ್ಕೊಪ್ಪುವ ಮುಖ. ವಚನದ ಅಂಕಿತವೂ ಹೀಗೆಯೇ. ಕಿವುಡ ಸಮುದಾಯದಲ್ಲಿ ಪ್ರತಿ ವ್ಯಕ್ತಿಗೂ ಒಂದು ಸಂಜ್ಞಾನಾಮವನ್ನು ಕೊಡುವ ರೂಢಿಯಿದೆ. ಅಂಕಿತನಾಮಕ್ಕೆ ಯಾವ ಸಂಜ್ಞೆ ಸಲ್ಲುವುದೆಂಬುದನ್ನು ಆ ಭಾಷೆಯನ್ನಾಡುವವರಿಂದಲೇ ಕೇಳಿ ತಿಳಿಯಬೇಕು; ನಾವೇ ಕಲ್ಪಿಸಿಕೊಳ್ಳುವುದು ಸಲ್ಲದು.

ಆದುದರಿಂದ ಸಂಜ್ಞಾಭಾಷೆಯನ್ನು ಬಲ್ಲ ಕಿವುಡ ವ್ಯಕ್ತಿಯೊಬ್ಬರು ಗುರುಗಳಾಗಿ ಇರುವುದು ಮೊದಲ ಅಗತ್ಯ. ಹಾಡನ್ನು ಕಲಿಯುವ ಮುನ್ನ ಮಕ್ಕಳು ಅದರ ಅರ್ಥವನ್ನು ಚರ್ಚಿಸಬೇಕು. ಪ್ರದರ್ಶನದ ದಿನ ಬೆಳಕು ಕೈಗಳ ಮೇಲೂ ಮುಖದ ಮೇಲೂ ಬೀಳಬೇಕು. ಕೈ ಎದ್ದು ಕಾಣುವಂತೆ ಉಡುಪು ಒಂದೇ ಬಣ್ಣದ್ದಾಗಿರಬೇಕು. ಕೇಳದ ಅತಿಥಿಗಳಿಗೆ ಮುಂದಿನ ಸಾಲಿನಲ್ಲಿ, ತಮಟೆಯ ಸಮೀಪದಲ್ಲಿ, ಆಸನವಿರಬೇಕು. ಚಪ್ಪಾಳೆಯ ಬದಲು ಎರಡೂ ಕೈಗಳನ್ನೆತ್ತಿ ಬೆರಳುಗಳನ್ನಾಡಿಸುವುದು ಕಿವುಡರ ರೀತಿ. ಸಭಿಕರಿಗೆ ಅದನ್ನು ಮೊದಲೇ ತಿಳಿಸಬೇಕು. ಪೂರ್ವಾಭ್ಯಾಸದ ಕೊನೆಗೆ ಒಂದು ಪರೀಕ್ಷೆಯನ್ನು ನಡೆಸಬಹುದು. ಧ್ವನಿಯನ್ನು ಸಂಪೂರ್ಣವಾಗಿ ನಿಲ್ಲಿಸಿ, ಹಾಡನ್ನು ಅರಿಯದ ಕಿವುಡರೊಬ್ಬರ ಮುಂದೆ ಪ್ರದರ್ಶಿಸಿ, ಅದು ಏನನ್ನು ಹೇಳಿತೆಂದು ಅವರನ್ನು ಕೇಳುವುದು. ಅವರ ಉತ್ತರವು ಹಾಡಿನ ಅರ್ಥಕ್ಕೆ ಸಮೀಪವಾಗಿದ್ದರೆ ಪ್ರದರ್ಶನವು ಸಿದ್ಧವಾಯಿತು. ಇಲ್ಲದಿದ್ದರೆ ಇನ್ನೂ ಕಲಿಯುವುದಿದೆ.

ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಜನರಾಡುವ ಕನ್ನಡದಲ್ಲಿಯೇ ಹೇಳಿದರು. ಸಂಸ್ಕೃತವನ್ನು ಕಲಿತು ಬಾ ಎಂದು ಅವರು ಜನಸಾಮಾನ್ಯನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಕೈಯಿಂದ ಮಾತನಾಡುವವರಿಗೆ ಆ ವಚನಗಳನ್ನು ಅವರ ನುಡಿಯಲ್ಲಿ ತಲುಪಿಸುವುದು ಅದೇ ಪರಂಪರೆಯ ಮುಂದುವರಿಕೆಯಾಗಿದೆ. ಆ ಕೆಲಸವನ್ನು ಉತ್ಸವದ ಒಂದು ದಿನಕ್ಕೆ ಮೀಸಲಿಡದೆ ಪ್ರತಿ ಬೆಳಗಿನ ಪ್ರಾರ್ಥನೆಗೂ ತರುವಂತಾಗಲಿ. ಆಗ ಸಾಲಿನಲ್ಲಿ ನಿಂತ ಆ ಮಗು ಪಕ್ಕದವರನ್ನು ನೋಡಿ ಕೈಮುಗಿಯಬೇಕಾಗಿಲ್ಲ. ತಾನು ಯಾವುದಕ್ಕಾಗಿ ಕೈಮುಗಿಯುತ್ತಿರುವೆನೆಂದು ಅರಿತೇ ಮುಗಿಯುತ್ತದೆ.