ಕಾಶಿಯಲ್ಲಿ ದೋಣಿ ಹತ್ತುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಯಾತ್ರೆಗೆ ಹೆಸರು ಕೊಟ್ಟಿರುವ ಎಲ್ಲರ ಗಮನಕ್ಕೆ.

ಬೆಳಗ್ಗೆ ಅಸ್ಸಿ ಘಾಟಿನಿಂದ ಪಂಚಗಂಗಾ ಘಾಟಿನವರೆಗೆ ಹೋಗಿ ಬರುವುದು, ಸಂಜೆ ದಶಾಶ್ವಮೇಧ ಘಾಟಿನ ಎದುರು ದೋಣಿಯಲ್ಲೇ ಕೂತು ಗಂಗಾ ಆರತಿ ನೋಡುವುದು. ಹೀಗೆ ಎರಡು ಸಲ ನಾವು ನದಿಗೆ ಇಳಿಯುತ್ತೇವೆ. ಕೆಳಗಿನ ನಿಯಮಗಳು ಎರಡೂ ಹೊತ್ತಿಗೆ ಅನ್ವಯ. ಒಪ್ಪದವರನ್ನು ದೋಣಿಗೆ ಹತ್ತಿಸುವುದಿಲ್ಲ. ಅವರ ದೋಣಿ ಬಾಡಿಗೆ ವಾಪಸ್ ಕೊಡುತ್ತೇವೆ; ಮೆಟ್ಟಿಲ ಮೇಲೆ ಕೂತೂ ಗಂಗೆಯನ್ನು ನೋಡಬಹುದು. ನಮ್ಮಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಈಜು ಬಾರದವರು. ಅವರನ್ನು ಕರೆದುಕೊಂಡು ಬಂದ ಹಾಗೆಯೇ ಮನೆಗೆ ತಲುಪಿಸುವ ಹೊಣೆ ನಮ್ಮದು. ಆದ್ದರಿಂದ ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಲೈಫ್ ಜಾಕೆಟ್

ದಡದಲ್ಲೇ ತೊಡಬೇಕು. ದೋಣಿ ಹತ್ತಿದ ಮೇಲೆ ನೋಡೋಣ ಅನ್ನಬಾರದು.

ಚಳಿಗೆ ಹೊದ್ದ ಶಾಲು, ಸ್ವೆಟರ್‌ಗಳ ಮೇಲೆ ಜಾಕೆಟ್ ಬರಬೇಕು, ಒಳಗಲ್ಲ. ಅಮ್ಮಂದಿರು ಸೆರಗನ್ನು ಮೊದಲು ಸೊಂಟಕ್ಕೆ ಸಿಕ್ಕಿಸಿಕೊಂಡು ಆಮೇಲೆ ತೊಡಿ. ಮುಂದಿನ ಬಕಲ್‌ಗಳನ್ನು ಒಂದೂ ಬಿಡದೆ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಹೇಳಿ ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಸಿ. ಅದು ಕಿವಿಯವರೆಗೆ ಏರಿ ಬಂದರೆ ಸಡಿಲವಾಗಿದೆ ಎಂದರ್ಥ. ನೀರಿಗೆ ಬಿದ್ದಾಗಲೂ ಹಾಗೆಯೇ ಮೇಲೇರುತ್ತದೆ. ಜಾಕೆಟ್ ತೇಲುತ್ತದೆ, ತೊಟ್ಟವರು ಅದರ ಕೆಳಗೆ ಜಾರುತ್ತಾರೆ. ದೊಡ್ಡವರ ಜಾಕೆಟ್ಟನ್ನು ಮಕ್ಕಳಿಗೆ ತೊಡಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಮಕ್ಕಳ ಅಳತೆಯದ್ದು ಸಿಗದಿದ್ದರೆ ಆ ದೋಣಿ ಬೇಡ, ಬೇರೆಯದು ನೋಡೋಣ. ಬಕಲ್ ಮುರಿದಿದ್ದರೆ ಪಟ್ಟಿಗೆ ಗಂಟು ಹಾಕಿ ಸುಧಾರಿಸಬೇಡಿ, ಇನ್ನೊಂದನ್ನು ಕೇಳಿ.

ಜಾಕೆಟ್ಟನ್ನು ಮಡಚಿ ಕೂರುವ ದಿಂಬು ಮಾಡಿಕೊಳ್ಳಬಾರದು. ಫೋಟೋ ಚೆನ್ನಾಗಿ ಬರಲೆಂದು ಒಂದು ಗಳಿಗೆಗೂ ಬಿಚ್ಚಬಾರದು.

2019ರಲ್ಲಿ ಏನೇನು ಆಯಿತೆಂದು ನೆನಪಿಸಿಕೊಳ್ಳಿ. ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಪಾಪಿಕೊಂಡಲು ಬೆಟ್ಟಸಾಲು ನೋಡಲು ಹೊರಟಿದ್ದ ಪ್ರವಾಸಿ ದೋಣಿ ಕಚ್ಚುಲೂರಿನ ಹತ್ತಿರ ಮುಳುಗಿ ಹತ್ತಾರು ಜನ ತೀರಿಕೊಂಡರು. ನದಿ ಆಗ ತುಂಬಿ ಹರಿಯುತ್ತಿತ್ತು. ಮುಳುಗಿದ ದೋಣಿಯನ್ನು ಮೇಲೆತ್ತಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಎರಡೂ ಕಡೆ ಹೋದವರು ನಮ್ಮಂಥವರೇ, ದೇವರಿಗೆ ಕೈಮುಗಿಯಲು, ನದಿ ನೋಡಲು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟವರು.

ನದಿ ಬೇಡವೆಂದ ದಿನ

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರುತ್ತಾಳೆ. ಕಾಶಿಯಲ್ಲಿ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. 1978ರ ಪ್ರವಾಹದಲ್ಲಿ 73.901 ಮೀಟರ್‌ವರೆಗೆ ಏರಿದ್ದುಂಟು. ನೀರು ಏರತೊಡಗಿತೆಂದರೆ, ಹಲವು ಸಲ ಎಚ್ಚರಿಕೆಯ ಮಟ್ಟ ಮುಟ್ಟುವ ಮೊದಲೇ ಜಿಲ್ಲಾಡಳಿತ ದೋಣಿ ನಿಲ್ಲಿಸುತ್ತದೆ. ಘಾಟ್‌ಗಳು ಒಂದೊಂದಾಗಿ ಮುಳುಗುತ್ತವೆ, ಆರತಿ ಮೇಲಿನ ಮೆಟ್ಟಿಲಿಗೆ, ಕೊನೆಗೆ ಮಾಳಿಗೆಗೆ ಏರುತ್ತದೆ. ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಎದುರಿನ ದೋಣಿಯೂ ಕಾಣದಷ್ಟು ಮಂಜು ಕವಿದಿರುತ್ತದೆ, ಆಗಲೂ ದೋಣಿ ನಿಲ್ಲುತ್ತದೆ.

ಅಂಥ ದಿನ ಯಾವ ಅಂಬಿಗನ ಹತ್ತಿರವೂ ಹೋಗಿ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇವೆ, ಒಂದು ಸುತ್ತು ಹಾಕಿಸು ಅನ್ನಬಾರದು. ಇಷ್ಟು ದೂರ ಬಂದದ್ದು ವ್ಯರ್ಥವಾಯಿತೆಂಬ ಸಂಕಟ ನಮಗೂ ಅರ್ಥವಾಗುತ್ತದೆ. ಜೀವಮಾನದಲ್ಲಿ ಒಂದೇ ಸಲ ಬರುವವರೇ ಹೆಚ್ಚು. ಆದರೂ ಹೋಗಕೂಡದು. ನಿಮ್ಮ ದುಡ್ಡು ಹಿಡಿದು ಅವನು ನೀರಿಗಿಳಿದರೆ ಅವನ ಹೆಂಡತಿ ಮಕ್ಕಳ ಅನ್ನವನ್ನೂ ಪಣಕ್ಕಿಟ್ಟ ಹಾಗೆ.

ಹತ್ತುವಾಗ, ಇಳಿಯುವಾಗ

ಶೌಚಕ್ಕೆ ತಂಗಿದ ಜಾಗದಲ್ಲೇ ಹೋಗಿ ಬನ್ನಿ, ಸಣ್ಣ ದೋಣಿಯಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಸ್ನಾನ, ಸಂಕಲ್ಪ ಮುಗಿಯುವ ತನಕ ಉಪವಾಸ ಎಂದು ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ. ಎರಡು ಬಿಸ್ಕತ್ತು ತಿಂದರೆ ಗಂಗಾಮಾತೆ ಮುನಿಯುವುದಿಲ್ಲ. ಚಳಿಗಾಲದ ಬೆಳಗಿನ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ನೀರಿನ ಮೇಲಿನ ಗಾಳಿ ಅದಕ್ಕಿಂತ ಚಳಿ. ಟೋಪಿ ಅಥವಾ ಮಫ್ಲರ್ ಕಡ್ಡಾಯ.

ಮಳೆಗಾಲ ಕಳೆದ ಮೇಲೆ ಕೆಳಗಿನ ಮೆಟ್ಟಿಲುಗಳ ಮೇಲೆ ಹೂಳು ಕೂತಿರುತ್ತದೆ, ಉಳಿದ ಕಾಲದಲ್ಲಿ ಪಾಚಿ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿಯಿರಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಒಬ್ಬರು ಕೂತ ಮೇಲೆ ಇನ್ನೊಬ್ಬರು. ಅಂಬಿಗನ ಕೈ ಹಿಡಿದುಕೊಂಡು ದೋಣಿಯ ನಡುವೆ ಕಾಲಿಡಬೇಕು, ಅಂಚಿನ ಹಲಗೆಯ ಮೇಲೆ ಅಲ್ಲ. ಅಂಚು ತುಳಿದರೆ ದೋಣಿ ದಡದಿಂದ ದೂರ ಸರಿಯುತ್ತದೆ, ಒಂದು ಕಾಲು ಮೆಟ್ಟಿಲ ಮೇಲೆ ಇನ್ನೊಂದು ದೋಣಿಯಲ್ಲಿ ಉಳಿಯುತ್ತದೆ. ಮೊಣಕಾಲು ನೋವಿನವರಿಗೆ ಈ ದೋಣಿಗಳು ಬೇಡವೇ ಬೇಡ. ಜೆಟ್ಟಿಯಿಂದ ನೇರ ನಡೆದು ಹತ್ತಬಹುದಾದ, ಕುರ್ಚಿ ಇರುವ ದೊಡ್ಡ ಕ್ರೂಸ್‌ಗಳು ರವಿದಾಸ ಘಾಟ್ ಕಡೆಯಿಂದ ಹೊರಡುತ್ತವೆ. ಮುಂಚಿತವಾಗಿ ಹೇಳಿದರೆ ಅದರಲ್ಲಿ ಜಾಗ ಮಾಡಿಸುತ್ತೇವೆ.

ಬಾಡಿಗೆ, ದಾರಿ, ಹೊತ್ತು, ಎಲ್ಲಿ ಇಳಿಸುವುದು ಎಲ್ಲವನ್ನೂ ನಾವು ಮೊದಲೇ ಮಾತಾಡಿರುತ್ತೇವೆ. ನಡುನೀರಿನಲ್ಲಿ ಮತ್ತೆ ಚೌಕಾಶಿ ಬೇಡ. ಅಂಬಿಗರು ನಿಷಾದ ಸಮುದಾಯದವರು, ತಲೆಮಾರುಗಳಿಂದ ಈ ನದಿಯಲ್ಲೇ ಬದುಕಿದವರು. ಅವರನ್ನು ಭಯ್ಯಾ ಎಂದು ಕರೆಯಿರಿ, ಏಯ್ ಎಂದಲ್ಲ. ಕೂತುಕೊಳ್ಳಿ ಎಂದು ಅವರು ಹೇಳಿದರೆ ಅದು ನಮ್ಮೆಲ್ಲರಿಗೂ ಆಜ್ಞೆ.

ನೀರಿನ ಮೇಲೆ

ಎದ್ದು ನಿಲ್ಲಬಾರದು. ಜಾಗ ಬದಲಿಸಬಾರದು. ಎಲ್ಲರೂ ಒಂದೇ ಮಗ್ಗುಲಿಗೆ ಸರಿಯಬಾರದು.

ಕೊನೆಯದನ್ನು ಜನ ಮರೆಯುವುದೇ ಹೆಚ್ಚು, ಅದಕ್ಕೇ ಬಿಡಿಸಿ ಹೇಳುತ್ತೇವೆ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಘಾಟ್‌ಗಳೆಲ್ಲ ಇರುವುದು ಪಶ್ಚಿಮ ದಡದಲ್ಲಿ, ಪೂರ್ವಕ್ಕೆ ಮುಖಮಾಡಿ. ಆದ್ದರಿಂದಲೇ ಮೊದಲ ಬಿಸಿಲು ನೇರ ಅವುಗಳ ಮೇಲೆ ಬೀಳುತ್ತದೆ. ಅಸ್ಸಿಯಿಂದ ಹೊರಟಾಗ ನೋಡುವಂಥದ್ದೆಲ್ಲ ಎಡಗಡೆ, ಎದುರು ದಡದಲ್ಲಿ ಬರೀ ಮರಳು. ಬಲಗಡೆ ಕೂತವರು ಎದ್ದು ಎಡಕ್ಕೆ ಬಂದರೆ ದೋಣಿ ಅತ್ತ ವಾಲುತ್ತದೆ. ಮರಳುವಾಗ ಅದೇ ಘಾಟ್‌ಗಳು ಬಲಗಡೆಗೆ ಬರುತ್ತವೆ. ಯಾರಿಗೂ ಏನೂ ತಪ್ಪುವುದಿಲ್ಲ, ಕೂತಲ್ಲೇ ಕೂತಿರಿ.

ಕೂತು ನೋಡಲು ಬೇಕಾದಷ್ಟಿದೆ. ಅಸ್ಸಿ ದಾಟಿದ ಕೂಡಲೇ ತುಳಸಿ ಘಾಟ್, ತುಳಸೀದಾಸರು ಇದ್ದ ಜಾಗ. ಮುಂದೆ ಕೋಟೆಯ ಹಾಗೆ ಎದ್ದು ನಿಂತಿರುವುದು ಚೇತ್ ಸಿಂಗ್ ಘಾಟ್. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಕಾಶಿಯ ರಾಜ ಚೇತ್ ಸಿಂಗನನ್ನು ಸೆರೆಯಲ್ಲಿಟ್ಟಾಗ ಅವನು ಪೇಟಗಳನ್ನು ಹಗ್ಗವಾಗಿ ಕಟ್ಟಿಕೊಂಡು ನದಿಗಿಳಿದು ಪಾರಾದದ್ದು ಇಲ್ಲಿಂದಲೇ. ಸ್ವಲ್ಪ ಮುಂದೆ ಹನುಮಾನ್ ಘಾಟ್ ಆದಮೇಲೆ ಕರ್ನಾಟಕ ಘಾಟ್ ಬರುತ್ತದೆ, ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಅಲ್ಲಿ ನಮ್ಮವರು ಸಂತೋಷದಿಂದ ಒಟ್ಟಿಗೇ ಎದ್ದು ಕೈಬೀಸುತ್ತಾರೆ. ಕೈಬೀಸಿ, ಏಳಬೇಡಿ. ಅದರ ಮಗ್ಗುಲಲ್ಲೇ ಹರಿಶ್ಚಂದ್ರ ಘಾಟ್, ಚಿತೆಗಳು ಉರಿಯುತ್ತಿರುತ್ತವೆ. ಆ ಸಂಭ್ರಮದ ಕೂಗು ಅಲ್ಲಿ ಮಗನನ್ನೋ ಗಂಡನನ್ನೋ ಸುಡುತ್ತಿರುವವರ ಕಿವಿಗೆ ಬೀಳುತ್ತದೆ. ರಾಘವಾಂಕನ ಹರಿಶ್ಚಂದ್ರನ ಕಥೆ ಕೇಳಿ ಕಣ್ಣೀರಿಟ್ಟ ನಾಡಿನವರು ನಾವು, ಆ ಘಾಟಿನ ಎದುರು ಸದ್ದು ಮಾಡಬಾರದು.

ವಿಜಯನಗರಂ ಘಾಟ್ ಎಂಬ ಹಲಗೆ ಕಂಡು ಮಕ್ಕಳಿಗೆ ಇದು ನಮ್ಮ ಹಂಪಿಯ ಅರಸರದ್ದು ಎನ್ನಬೇಡಿ. ಅದು ಆಂಧ್ರದ ವಿಜಯನಗರಂ ಸಂಸ್ಥಾನದವರದ್ದು. ಕೆಂಪು ಬಿಳಿ ಪಟ್ಟೆಯ ಗುಡಿ ಕಂಡರೆ ಕೇದಾರ ಘಾಟ್ ಬಂತೆಂದು ತಿಳಿಯಿರಿ.

ಅಂಚಿನ ಮೇಲೆ ಕೈಯಿಡಬಾರದು. ಎರಡು ದೋಣಿ ಒಂದಕ್ಕೊಂದು ತಾಗುವಾಗ ಸದ್ದೇ ಇರುವುದಿಲ್ಲ, ನಡುವೆ ಬೆರಳಿದ್ದರೆ ಜಜ್ಜಿಹೋಗುತ್ತದೆ. ಕೈ ತೊಡೆಯ ಮೇಲಿರಲಿ, ಇಲ್ಲವೇ ಕೂತ ಹಲಗೆಯ ಒಳಬದಿ ಹಿಡಿಯಿರಿ.

ಚಳಿಗಾಲದಲ್ಲಿ ವಲಸೆ ಬಂದ ಬಿಳಿ ಕಡಲಹಕ್ಕಿಗಳು ದೋಣಿಯ ಸುತ್ತ ಮುತ್ತುತ್ತವೆ. ಅವಕ್ಕೆ ಹಾಕಿ ಎಂದು ಸೇವಿನ ಪೊಟ್ಟಣ ಮಾರುವವರು ಬರುತ್ತಾರೆ. ಕೊಳ್ಳಬೇಡಿ. ಎಣ್ಣೆಯಲ್ಲಿ ಕರಿದ ಉಪ್ಪು ಖಾರದ ತಿಂಡಿ ಆ ಹಕ್ಕಿಗಳ ಆಹಾರವಲ್ಲ, ಜೊತೆಗೆ ಎಸೆಯುವ ಭರದಲ್ಲಿ ಜನ ಅಂಚಿಗೆ ಬಾಗುತ್ತಾರೆ.

ದೋಣಿಯಿಂದ ನೀರಿಗೆ ಇಳಿಯುವುದು, ಬಾಗಿ ಗಿಂಡಿಯಲ್ಲಿ ನೀರು ತುಂಬುವುದು, ಎದುರು ದಡದ ಮರಳಿನಿಂದ ನದಿಗೆ ಹೆಜ್ಜೆ ಹಾಕುವುದು ಮೂರೂ ನಿಷಿದ್ಧ. ಮರಳಿನ ದಡದಲ್ಲಿ ಮೊಣಕಾಲುದ್ದ ನೀರು ಮುಂದಿನ ಹೆಜ್ಜೆಗೆ ಆಳವಾಗಬಹುದು. ಸ್ನಾನ ಮಾಡುವುದೂ ಗಂಗಾಜಲ ತುಂಬುವುದೂ ಘಾಟಿನಲ್ಲಿ, ಸರಪಳಿ ಹಿಡಿದು. ಪ್ರೋಕ್ಷಣೆ ಮಾಡಿಕೊಳ್ಳಿ, ಬೊಗಸೆ ತುಂಬ ಕುಡಿಯಬೇಡಿ. ನಗರದ ಕೊಳಚೆ ಇಂದಿಗೂ ಪೂರ್ತಿ ನಿಂತಿಲ್ಲ, ಮುಂದೆ ಎರಡು ದಿನದ ರೈಲು ಪ್ರಯಾಣವಿದೆ.

ಮಣಿಕರ್ಣಿಕಾ

ಇಲ್ಲಿ ಫೋನ್ ಚೀಲದೊಳಗೆ. ಕೈಯಲ್ಲೂ ಇರಬಾರದು, ತೊಡೆಯ ಮೇಲೂ ಇರಬಾರದು.

ಹಗಲಿರುಳು ಚಿತೆ ಆರದ ಜಾಗ ಇದು. ಸೌದೆಯ ರಾಶಿ ಮಾಳಿಗೆಯೆತ್ತರಕ್ಕೆ ಒಟ್ಟಿರುತ್ತದೆ, ಮೆಟ್ಟಿಲ ಮೇಲೆ ಹಳದಿ ಬಟ್ಟೆ ಹೊದಿಸಿದ ಶವಗಳು ಸರದಿ ಕಾಯುತ್ತಿರುತ್ತವೆ. ದೂರದಿಂದ ಜೂಮ್ ಮಾಡಿ ತೆಗೆಯುವುದೂ ತೆಗೆದ ಹಾಗೆಯೇ. ಊರಲ್ಲಿರುವ ಮಗಳಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸುವುದು ಇನ್ನೂ ತಪ್ಪು. ನಿಮ್ಮ ಮನೆಯ ಅಂಗಳದಲ್ಲಿ ಹೆಣ ಇಟ್ಟಿರುವಾಗ ಅಪರಿಚಿತರು ಬಂದು ಅದನ್ನು ಚಿತ್ರೀಕರಿಸಿದರೆ ನೀವು ಸುಮ್ಮನಿರುತ್ತಿದ್ದಿರಾ? ಈ ನಿಯಮ ಮುರಿದವರನ್ನು ಸಂಜೆಯ ದೋಣಿಗೆ ಸೇರಿಸುವುದಿಲ್ಲ, ಎಷ್ಟೇ ಹಿರಿಯರಾಗಿರಲಿ.

ಬಡವರ ಶವಕ್ಕೆ ಸೌದೆ ದಾನ ಮಾಡಿ ಎಂದು ದಡದಲ್ಲಿ ಯಾರಾದರೂ ಕೇಳಿಕೊಂಡು ಬಂದರೆ ಕೈಮುಗಿದು ಮುಂದೆ ನಡೆಯಿರಿ. ಆ ದುಡ್ಡು ಚಿತೆಗೆ ತಲುಪುತ್ತದೆಂಬ ಖಾತ್ರಿ ಇಲ್ಲ.

ಕೈಮುಗಿಯಿರಿ, ಮನಸ್ಸಿನಲ್ಲೇ ಹೆಸರು ನೆನೆಯಿರಿ. ಮಣಿಕರ್ಣಿಕೆ ದಾಟಿದ ಮೇಲೆ ಸಿಂಧಿಯಾ ಘಾಟಿನ ಬಳಿ ನೀರಿಗೆ ವಾಲಿ ನಿಂತ ರತ್ನೇಶ್ವರ ಗುಡಿ ಸಿಗುತ್ತದೆ, ಅಲ್ಲಿಂದ ಮುಂದೆ ಫೋಟೋ ತೆಗೆಯಬಹುದು. ಕೂತೇ ತೆಗೆಯಬೇಕು.

ನದಿಗೆ ಬಿಡುವುದು

ದೀಪ ಬಿಡಬೇಕೆನ್ನುವವರು ಎಲೆಯ ದೊನ್ನೆಯಲ್ಲಿ ಹೂವು, ಬತ್ತಿ ಇಟ್ಟದ್ದನ್ನು ಮಾತ್ರ ಬಿಡಿ. ಪ್ಲಾಸ್ಟಿಕ್ ಬಟ್ಟಲಿನದ್ದು ಕೊಳ್ಳಬೇಡಿ. ದೀಪವನ್ನು ಅಂಬಿಗನ ಕೈಗೆ ಕೊಡಿ, ಅವನು ಬಿಡುತ್ತಾನೆ. ಮನೆಯಿಂದ ಕವರಿನಲ್ಲಿ ಕಟ್ಟಿ ತಂದ ಒಣಹೂವು, ಒಡೆದ ದೇವರ ಪಟ, ಹಳೆಯ ಪಂಚಾಂಗ ಇವನ್ನೆಲ್ಲ ಗಂಗೆಗೆ ಹಾಕಲು ಬಿಡುವುದಿಲ್ಲ. ಗಾಜಿನ ಚೂರು ಮಿಂದೇಳುವವರ ಅಂಗಾಲಿಗೆ ಚುಚ್ಚುತ್ತದೆ. ಅಂಥದ್ದನ್ನು ಊರಿನಲ್ಲೇ ಬಿಟ್ಟು ಬನ್ನಿ.

ಗುಟ್ಕಾ, ಎಲೆಅಡಿಕೆ ದೋಣಿಯಲ್ಲಿ ಬೇಡ. ಉಗುಳುವ ಜಾಗ ಇದಲ್ಲ.

ಸಂಜೆಯ ಆರತಿ

ಆರತಿಯ ಹೊತ್ತಿಗೆ ನೂರಾರು ದೋಣಿಗಳು ಒಂದರ ಪಕ್ಕ ಒಂದು ಒತ್ತಿ ನಿಂತು ನೆಲವೇ ಆದ ಹಾಗೆ ಕಾಣುತ್ತವೆ. ಚಹಾ, ದೀಪ ಮಾರುವವರು ದೋಣಿಯಿಂದ ದೋಣಿಗೆ ದಾಟುತ್ತಿರುತ್ತಾರೆ. ಅವರಿಗೆ ಅದು ನಿತ್ಯದ ಕೆಲಸ, ನೀವು ದಾಟಬಾರದು. ಮುಂದಿನ ದೋಣಿಯಿಂದ ಚೆನ್ನಾಗಿ ಕಾಣುತ್ತದೆಂದು ಅಲ್ಲಿಗೆ ಹೋಗಿ ಕೂತರೆ ಆರತಿ ಮುಗಿದ ಮೇಲೆ ಅದು ಬೇರೆ ಘಾಟಿಗೆ ಹೊರಟುಬಿಡುತ್ತದೆ.

ಭಜನೆ ಹಾಡಿ, ನಿಮ್ಮ ಬಾಯಿಂದ. ಫೋನಿನ ಸ್ಪೀಕರ್ ಹಚ್ಚಬಾರದು. ಆರತಿ ಮುಗಿದ ಕ್ಷಣ ಎಲ್ಲ ಮೋಟಾರು ದೋಣಿಗಳೂ ಒಟ್ಟಿಗೆ ಹೊರಡುತ್ತವೆ, ಅಲೆ ಎದ್ದು ನಮ್ಮ ದೋಣಿ ಹೊಯ್ದಾಡುತ್ತದೆ. ಗಾಬರಿಯಾಗಬೇಡಿ, ಏಳಬೇಡಿ, ಮಕ್ಕಳನ್ನು ನಡುವೆ ಕೂರಿಸಿಕೊಳ್ಳಿ. ಕಾರ್ತಿಕ ಪೂರ್ಣಿಮೆಯ ದೇವ ದೀಪಾವಳಿಯ ರಾತ್ರಿ ನೂಕುನುಗ್ಗಲು ಇದರ ಹಲವು ಪಟ್ಟು. ಆ ದಿನ ಹತ್ತು ವರ್ಷದೊಳಗಿನ ಮಕ್ಕಳನ್ನು ನಾವು ದೋಣಿಗೆ ಹತ್ತಿಸುವುದಿಲ್ಲ.

ದಡ ಮುಟ್ಟಿದ ಮೇಲೆ ಹಗ್ಗ ಕಟ್ಟುವ ತನಕ ಕೂತಿರಿ. ಜಾಕೆಟ್ಟನ್ನು ಮೆಟ್ಟಿಲು ಏರಿದ ಮೇಲೆ ಬಿಚ್ಚಿ ಅಂಬಿಗನಿಗೆ ಒಪ್ಪಿಸಿ. ಎಲ್ಲರೂ ಒಂದೇ ಕಡೆ ನಿಂತು ಹೆಸರು ಕೂಗಿದಾಗ ಓಗೊಡಬೇಕು. ಎಣಿಕೆ ಸರಿಹೋಗುವವರೆಗೆ ಯಾರೂ ಚಹಾದಂಗಡಿಗೂ ಸೀರೆಯಂಗಡಿಗೂ ಹೋಗುವಂತಿಲ್ಲ.